ಎಕ್ಸಾಂಪಲ್‌ನಿಂದ ಎತ್ತಿದ ಕಾನ್ಫಿಗ್ ಫೈಲ್

ಮಾನ್ಯ ಸಂಪಾದಕರೆ,

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಕಾಲೇಜು ಮುಗಿಸಿದ ಹುಡುಗ ಹುಡುಗಿಯರು ಪುಣೆಯ ಭೋಸರಿ, ಚಾಕಣ, ಹಿಂಜವಡಿಗೆ ಎಂಬೆಡೆಡ್ (ಯಂತ್ರದೊಳಗಿನ ಚಿಪ್‌ಗೆ ಪ್ರೋಗ್ರಾಂ ಬರೆಯುವ) ಕೆಲಸ ಹುಡುಕಿ ಬರುತ್ತಾರೆ. ಸಿ ಭಾಷೆ ಚೆನ್ನಾಗಿಯೇ ಬರುತ್ತದೆ. ಆದರೆ ಆರ್‌ಟಿಒಎಸ್‌ನ, ಅಂದರೆ ಆ ಚಿಪ್‌ನಲ್ಲಿ ಹಲವು ಕೆಲಸಗಳಿಗೆ (ಟಾಸ್ಕ್) ಹೊತ್ತಿಗೆ ಸರಿಯಾಗಿ ಸರದಿ ಕೊಡುವ ಪುಟ್ಟ ಆಪರೇಟಿಂಗ್ ಸಿಸ್ಟಂನ, ಆಯ್ಕೆಗಳನ್ನು ಬರೆದಿಡುವ ಕಾನ್ಫಿಗ್ ಫೈಲ್ ತೆರೆದು ‘ಈ ಸಾಲು ಯಾಕೆ?’ ಎಂದರೆ ‘ಎಕ್ಸಾಂಪಲ್‌ನಲ್ಲಿ ಹಾಗೇ ಇತ್ತು ಸರ್’ ಎಂಬ ಉತ್ತರ. ಪ್ರಾಜೆಕ್ಟ್ ವೈವಾದಲ್ಲಿ ಆ ಫೈಲನ್ನು ತೆರೆಸುವವರು ಕಡಿಮೆ. ದೂರು ಹುಡುಗರ ಮೇಲಲ್ಲ.

ಫೋನಿನ ಸೆಟ್ಟಿಂಗ್ ಆಮೇಲೆ ಬದಲಿಸಬಹುದು. ಇಲ್ಲಿ ಹಾಗಿಲ್ಲ. ಕರ್ನಲ್ (ಆರ್‌ಟಿಒಎಸ್‌ನ ತಿರುಳು) ಮತ್ತು ನಮ್ಮ ಕೋಡ್ ಒಟ್ಟಿಗೇ ಕಂಪೈಲ್ ಆಗಿ ಚಿಪ್‌ಗೆ ತುಂಬುವ ಒಂದೇ ಇಮೇಜ್ ಆಗುತ್ತವೆ. ಸೊನ್ನೆ ಬರೆದ ಆಯ್ಕೆಯ ಕೋಡ್ ಚಿಪ್‌ಗೆ ಹೋಗುವುದೇ ಇಲ್ಲ. 64 ಕೆಬಿ ಫ್ಲ್ಯಾಶ್, 20 ಕೆಬಿ ರ‍್ಯಾಮ್ ಇರುವ ಎಸ್‌ಟಿಎಂ32ಎಫ್103ಸಿ8ರಂಥ ಚಿಪ್‌ನಲ್ಲಿ ಈ ಜಿಪುಣತನ ಬೇಕೇ ಬೇಕು. ಟಾಸ್ಕ್ ಡಿಲೀಟ್ ಆಯ್ಕೆಯನ್ನು ಮುಚ್ಚಿ ಆ ಫಂಕ್ಷನ್ ಕರೆದರೆ ಕೋಡ್ ತುಂಡುಗಳನ್ನು ಜೋಡಿಸುವ ಲಿಂಕರ್ ಅಲ್ಲೇ ತಡೆಯುತ್ತದೆ. ಅಂಥ ತಪ್ಪು ಪುಣ್ಯ. ಸದ್ದಿಲ್ಲದೆ ಬಿಲ್ಡ್ ಆಗಿಬಿಡುವ ತಪ್ಪುಗಳೇ ಕಾಡುವುದು.

ಪುಣೆಯ ತಾಪ್ಕೀರ್ ಗಲ್ಲಿಯಲ್ಲಿ ಅಗ್ಗಕ್ಕೆ ಸಿಗುವ ಇಎಸ್‌ಪಿ32 ಬೋರ್ಡನ್ನೇ ನೋಡಿ. ಅದರ ಐಡಿಎಫ್‌ನಲ್ಲಿ (ತಯಾರಕರ ಸಾಫ್ಟ್‌ವೇರ್ ಕಿಟ್) ಫ್ರೀಆರ್‌ಟಿಒಎಸ್ ಎಂಬ ಆರ್‌ಟಿಒಎಸ್‌ನ ಟಿಕ್ ರೇಟ್, ಅಂದರೆ ಕರ್ನಲ್ ಗಡಿಯಾರದ ಬಡಿತ, ಡಿಫಾಲ್ಟ್ 100 ಹರ್ಟ್ಸ್, ಅಂದರೆ ಒಂದು ಟಿಕ್‌ಗೆ 10 ಮಿಲಿಸೆಕೆಂಡ್. 5 ಮಿಲಿಸೆಕೆಂಡ್ ಡಿಲೇ ಬರೆದರೆ 5ನ್ನು 100ರಿಂದ ಗುಣಿಸಿ 1000ದಿಂದ ಭಾಗಿಸಬೇಕು. ಪೂರ್ಣಾಂಕ ಲೆಕ್ಕದಲ್ಲಿ ಉತ್ತರ ಸೊನ್ನೆ. ಟಾಸ್ಕ್ ಮಲಗುವುದೇ ಇಲ್ಲ, ಅದಕ್ಕಿಂತ ಕಡಿಮೆ ಪ್ರಯಾರಿಟಿಯ (ಆದ್ಯತೆಯ) ಟಾಸ್ಕ್‌ಗಳಿಗೆ ಸರದಿ ಬರುವುದಿಲ್ಲ, ಬೇರೆ ಕೆಲಸವಿಲ್ಲದಾಗ ಓಡುವ ಐಡಲ್ ಟಾಸ್ಕ್ ಓಡದೆ ಕಾವಲುಗಾರ ವಾಚ್‌ಡಾಗ್ ಕೂಗತೊಡಗುತ್ತದೆ. ಬೈಗುಳ ಮಾತ್ರ ಸೆನ್ಸರಿಗೆ! ಟಿಕ್ ರೇಟ್ 1000 ಮಾಡಿದರೆ ಇದು ಸರಿಹೋಗುತ್ತದೆ, ಆದರೆ ಸೆಕೆಂಡಿಗೆ ಸಾವಿರ ಸಲ ಸಿಪಿಯು ಎಚ್ಚರಗೊಳ್ಳುತ್ತದೆ. ಬ್ಯಾಟರಿ ಉಪಕರಣವಾದರೆ ಕೆಲಸವಿಲ್ಲದಾಗ ಟಿಕ್ ನಿಲ್ಲಿಸುವ ಟಿಕ್‌ಲೆಸ್ ಐಡಲ್ ಕೂಡ ತೆರೆಯಬೇಕು. ಟಿಕ್ ಕೌಂಟರ್ 16 ಬಿಟ್‌ನದಾಗಿದ್ದರೆ 1000 ಹರ್ಟ್ಸ್‌ನಲ್ಲಿ ಒಂದೇ ಏಟಿಗೆ ಸುಮಾರು 65 ಸೆಕೆಂಡ್‌ಗಿಂತ ಹೆಚ್ಚು ಕಾಯಲಾಗದು ಎಂಬುದೂ ನೆನಪಿರಲಿ.

ಪ್ರತಿ ಟಾಸ್ಕ್‌ಗೆ ಎತ್ತಿಟ್ಟ ಮೆಮೊರಿಯಾದ ಸ್ಟ್ಯಾಕ್‌ನದು ಅಳತೆಗೋಲಿನ ಗೊಂದಲ. ಮೂಲ ಫ್ರೀಆರ್‌ಟಿಒಎಸ್ ಸ್ಟ್ಯಾಕನ್ನು ವರ್ಡ್‌ಗಳಲ್ಲಿ ಕೇಳುತ್ತದೆ: ಎಸ್‌ಟಿಎಂ32ರೊಳಗಿನ ಕಾರ್ಟೆಕ್ಸ್-ಎಂ ಪ್ರೊಸೆಸರ್ ಮೇಲೆ ವರ್ಡ್‌ಗೆ 4 ಬೈಟ್, 128 ಎಂದರೆ 512 ಬೈಟ್. ಇಎಸ್‌ಪಿ32ರದೂ ಝೆಫರ್ ಎಂಬ ಇನ್ನೊಂದು ಆರ್‌ಟಿಒಎಸ್‌ನದೂ ಬೈಟ್ ಲೆಕ್ಕ. ಝೆಫರ್ ರೂಢಿಯಲ್ಲಿ ಮೂಲ ಫ್ರೀಆರ್‌ಟಿಒಎಸ್‌ಗೂ 2048 ಬರೆದವರು ಆ 20 ಕೆಬಿಯಲ್ಲಿ 8 ಕೆಬಿಯನ್ನು ಒಂದೇ ಟಾಸ್ಕ್‌ಗೆ ದಾನ ಮಾಡಿರುತ್ತಾರೆ. ದಶಮಾಂಶ ಸಂಖ್ಯೆಯನ್ನು ಪ್ರಿಂಟ್‌ಎಫ್ ಮಾಡುವ ಟಾಸ್ಕ್‌ಗೆ 512 ಬೈಟ್ ಸಾಲುವುದೂ ಇಲ್ಲ. ಸ್ಟ್ಯಾಕ್ ಮೀರಿತೇ ಎಂದು ನೋಡುವ ಓವರ್‌ಫ್ಲೋ ಚೆಕ್ ಸಾಲಿಗೆ 2 ಕೊಟ್ಟು, ಮೀರಿದಾಗ ಕರ್ನಲ್ ಕರೆಯುವ ಹುಕ್ ಫಂಕ್ಷನ್ ಬರೆಯಿರಿ. ಸ್ಟ್ಯಾಕ್‌ನ ಕೊನೆಯ 16 ಬೈಟ್‌ಗಳಲ್ಲಿ ತುಂಬಿಟ್ಟ ಗುರುತು ಅಳಿಸಿದೆಯೇ ಎಂದು ಟಾಸ್ಕ್ ಬದಲಾಗುವಾಗಲೆಲ್ಲ ಕರ್ನಲ್ ನೋಡುತ್ತದೆ. ಆ ಗುರುತನ್ನು ಮುಟ್ಟದೆ ಹಾರಿ ಮುಂದೆ ಬರೆದದ್ದು ಇದಕ್ಕೂ ಸಿಗದು. ಸ್ಟ್ಯಾಕ್‌ನಲ್ಲಿ ಅತಿ ಕಡಿಮೆ ಎಷ್ಟು ಉಳಿದಿತ್ತೆಂದು ಹೇಳುವ ಹೈ ವಾಟರ್ ಮಾರ್ಕ್ ಆಯ್ಕೆ ತೆರೆದು, ಅತಿ ಹೆಚ್ಚು ಕೆಲಸ ಬೀಳುವ ಸ್ಥಿತಿಯಲ್ಲಿ ಓಡಿಸಿ, ಉಳಿದದ್ದನ್ನು ಓದಿಯೇ ಅಳತೆ ಇಳಿಸಬೇಕು. ನಾವು ಕಾಲು ಭಾಗ ಖಾಲಿ ಬಿಡಿ ಎನ್ನುತ್ತೇವೆ.

ಎಲ್ಲಕ್ಕಿಂತ ದುಬಾರಿ ಇಂಟರಪ್ಟ್ (ಓಡುತ್ತಿರುವ ಕೆಲಸವನ್ನು ತಡೆದು ಹಾರ್ಡ್‌ವೇರ್ ಕೊಡುವ ಕರೆ) ಪ್ರಯಾರಿಟಿಯ ತಪ್ಪು. ಫ್ರೀಆರ್‌ಟಿಒಎಸ್ ಟಾಸ್ಕ್‌ಗಳಲ್ಲಿ ದೊಡ್ಡ ಸಂಖ್ಯೆಗೆ ಮೊದಲ ಮರ್ಯಾದೆ. ಕಾರ್ಟೆಕ್ಸ್-ಎಂ ಇಂಟರಪ್ಟ್‌ಗಳಲ್ಲಿ ತಲೆಕೆಳಗು, ಸೊನ್ನೆಯೇ ಯಜಮಾನ. ಸಿಸ್‌ಕಾಲ್ ಮಿತಿ 5 ಎಂದಿಟ್ಟರೆ ಕರ್ನಲ್ ಫಂಕ್ಷನ್ ಕರೆಯುವ ಇಂಟರಪ್ಟ್‌ಗಳು 5ರಿಂದ 15ರೊಳಗೇ ಇರಬೇಕು. ಹೊಂದಿಸಲು ಮರೆತ ಇಂಟರಪ್ಟ್ ರೀಸೆಟ್ ಆದಾಗಿನ ಸೊನ್ನೆಯಲ್ಲೇ ಉಳಿದು ಈ ಬೇಲಿ ಹಾರುತ್ತದೆ. ಇನ್ನೊಂದು ಸೂಕ್ಷ್ಮ ಇದೆ. ಎಸ್‌ಟಿಎಂ32ರಲ್ಲಿ ಪ್ರಯಾರಿಟಿಯ ಎಂಟು ಬಿಟ್‌ಗಳ ಪೈಕಿ ಮೇಲಿನ ನಾಲ್ಕೇ ನಿಜವಾದವು. ಹಾಗಾಗಿ ಮಿತಿಯ ಸಾಲಿನಲ್ಲಿ 5ನ್ನು ನಾಲ್ಕು ಸ್ಥಾನ ಎಡಕ್ಕೆ ಸರಿಸಿ 80 ಎಂದು ಬರೆಯಬೇಕು. ಬರೀ 5 ಬರೆದರೆ ಹಾರ್ಡ್‌ವೇರ್ ಅದನ್ನು ಸೊನ್ನೆ ಎಂದೇ ಓದುತ್ತದೆ, ಮಿತಿ ಸೊನ್ನೆ ಎಂದರೆ ಯಾವ ಇಂಟರಪ್ಟನ್ನೂ ತಡೆಯಬೇಡ ಎಂದರ್ಥ. ಇಂಟರಪ್ಟ್ ತಡೆದು ಓಡಬೇಕಾದ ಕ್ರಿಟಿಕಲ್ ಸೆಕ್ಷನ್ ಹೆಸರಿಗಷ್ಟೇ ಉಳಿಯುತ್ತದೆ. ಬೋರ್ಡ್ ಗಂಟೆಗಟ್ಟಲೆ ಓಡಿ, ಯಾವಾಗಲೋ ಒಮ್ಮೆ ಕರ್ನಲ್ ಪಟ್ಟಿ ಕೆಟ್ಟು ನಿಂತುಬಿಡುತ್ತದೆ. ತಪ್ಪು ಕಂಡಲ್ಲೇ ನಿಲ್ಲಿಸುವ ಕಾನ್ಫಿಗ್ ಅಸರ್ಟ್ ಎಂಬ ಒಂದು ಸಾಲನ್ನು ತುಂಬಿಸಿದ್ದರೆ ಟೇಬಲ್ ಮೇಲೇ ಸಿಕ್ಕಿಬೀಳುವ ಕಳ್ಳ ಇದು.

ಒಂದು ಸಲಕ್ಕೆ ಒಂದೇ ಟಾಸ್ಕ್ ಬಳಸುವಂತೆ ಕಾಯುವ ಬೀಗವಾದ ಮ್ಯೂಟೆಕ್ಸ್ ಬೇಕಾದಲ್ಲಿ, ಬರೀ ಸೂಚನೆ ಕೊಡುವ ಬೈನರಿ ಸೆಮಾಫೋರ್ ಸಾಕೆನ್ನುವವರಿಗೆ: 1997ರಲ್ಲಿ ಮಂಗಳ ಗ್ರಹದ ಮೇಲೆ ನಾಸಾದ ಪಾತ್‌ಫೈಂಡರ್ ನೌಕೆ ಮತ್ತೆ ಮತ್ತೆ ರೀಸೆಟ್ ಆದದ್ದು ಪ್ರಯಾರಿಟಿ ಇನ್ವರ್ಷನ್‌ನಿಂದ, ಅಂದರೆ ಬೀಗ ಹಿಡಿದ ಕೆಳ ಟಾಸ್ಕ್‌ಗಾಗಿ ಮೇಲಿನ ಟಾಸ್ಕ್ ಕಾಯುತ್ತಿರುವಾಗ ನಡುವಿನದು ಓಡಿದ್ದರಿಂದ. ಬೀಗ ಹಿಡಿದ ಟಾಸ್ಕ್‌ಗೆ ಕಾಯುವವರ ಪ್ರಯಾರಿಟಿ ಕೊಡುವ ಇನ್ಹೆರಿಟೆನ್ಸ್ ಆಯ್ಕೆ ಮುಚ್ಚಿತ್ತು, ಭೂಮಿಯಿಂದ ತೆರೆಸಬೇಕಾಯಿತು. ಬೈನರಿ ಸೆಮಾಫೋರ್‌ನಲ್ಲಿ ಈ ಸೌಲಭ್ಯವೇ ಇಲ್ಲ.

ಕಾನ್ಫಿಗ್ ಹೆಡರ್ ಫೈಲ್ ಬದಲಿಸಿದ ಮೇಲೆ ಕ್ಲೀನ್ ಬಿಲ್ಡ್ ಮಾಡಿ, ಅಂದರೆ ಎಲ್ಲವನ್ನೂ ಮೊದಲಿನಿಂದ ಕಂಪೈಲ್ ಮಾಡಿ. ಆಯ್ಕೆ ಬದಲಾದರೆ ಟಾಸ್ಕ್ ಸ್ಟ್ರಕ್ಚರ್ ಅಳತೆಯೂ ಬದಲಾಗಬಹುದು; ಬೇರೆ ಆಯ್ಕೆಗಳಲ್ಲಿ ಮೊದಲೇ ಕಂಪೈಲ್ ಆದ ಲೈಬ್ರರಿಯನ್ನು ಅದರ ಜೊತೆ ಸೇರಿಸಿದರೆ ಮೆಮೊರಿ ಕಲಸುಮೇಲೋಗರ. ಝೆಫರ್‌ನಲ್ಲಿ ಮೆನುಕಾನ್ಫಿಗ್ ಎಂಬ ಆಯ್ಕೆ ಪರದೆಯಿಂದ ಮಾಡಿದ ಬದಲಾವಣೆ ಬಿಲ್ಡ್ ಫೋಲ್ಡರ್ ಅಳಿಸಿದೊಡನೆ ಹೋಗುತ್ತದೆ. ಉಳಿಯಬೇಕಾದದ್ದನ್ನು ಪ್ರಾಜೆಕ್ಟಿನ ಕಾನ್ಫ್ ಫೈಲಿಗೆ ಬರೆಯಬೇಕು. ಅಲ್ಲಿ ‘ವೈ’ ಎಂದು ಬರೆದರೂ ಅವಲಂಬನೆ ಪೂರೈಸದಿದ್ದರೆ ಆಯ್ಕೆ ತೆರೆಯುವುದಿಲ್ಲ. ವಾರ್ನಿಂಗ್ ಓದಿ, ಬಿಲ್ಡ್ ಫೋಲ್ಡರಿನ ಅಂತಿಮ ಡಾಟ್ ಕಾನ್ಫಿಗ್ ನೋಡಿ ಖಾತ್ರಿ ಮಾಡಿಕೊಳ್ಳಿ.

ನಮ್ಮ ಕೋರಿಕೆ ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರಿಗೆ. ಕೊನೆಯ ವರ್ಷದ ವೈವಾದಲ್ಲಿ ಡೆಮೊ ನೋಡುವ ಮೊದಲು ಕಾನ್ಫಿಗ್ ಫೈಲ್ ತೆರೆಸಿ. ಟಿಕ್ ರೇಟ್, ಪ್ರತಿ ಟಾಸ್ಕ್‌ನ ಸ್ಟ್ಯಾಕ್ ಮತ್ತು ಅದರಲ್ಲಿ ಉಳಿದದ್ದು, ಪ್ರತಿ ಇಂಟರಪ್ಟ್‌ನ ಪ್ರಯಾರಿಟಿ ಒಂದು ಹಾಳೆಯಲ್ಲಿ ಬರೆದು ತರಲು ಹೇಳಿ. ಹತ್ತು ನಿಮಿಷದ ಕೆಲಸ.

– ಪುಣೆಯ ಕೆಲವು ಕನ್ನಡಿಗ ಎಂಬೆಡೆಡ್ ಎಂಜಿನಿಯರುಗಳು, ಪಿಂಪ್ರಿ-ಚಿಂಚವಡ