ಯುವಿ ದೀಪ ಉರಿದರೆ ಸಾಲದು

ಮಾನ್ಯರೇ,

ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಮನೆಯಲ್ಲಿ ಕುಡಿಯುವ ನೀರು ಶುದ್ಧ ಮಾಡುವ ಯಂತ್ರದ ಯುವಿ (ಅತಿನೇರಳೆ) ಬೆಳಕಿಗೂ ಬಗ್ಗದು ಎಂಬ ಅಂಜಿಕೆ ಬೇಡ. ಈ ದೀಪದ 254 ನ್ಯಾನೋಮೀಟರ್ ತರಂಗಾಂತರದ ಕಿರಣ ನೇರ ಡಿಎನ್‌ಎಯನ್ನೇ ಕೆಡಿಸುತ್ತದೆ. ಚದರ ಸೆಂಟಿಮೀಟರಿಗೆ 40 ಮಿಲಿಜೌಲ್ ಕಿರಣಶಕ್ತಿ ಸಿಕ್ಕರೆ ಕರುಳಿನಲ್ಲಿರುವ ಇ. ಕೋಲಿಯಂಥ ಬ್ಯಾಕ್ಟೀರಿಯಾಗಳು, ಔಷಧಿ ನಿರೋಧಕವಾಗಿದ್ದರೂ, ಮತ್ತೆ ಹೆಚ್ಚಲಾರವು. ನಿರೋಧಕ ಗುಣದ ಜೀನ್‌ಗಳನ್ನು ಹಾಳುಮಾಡಲು ಮಾತ್ರ ಇದರ ಹಲವು ಪಟ್ಟು ಬೇಕು. ಮನೆಯ ಯಂತ್ರದಿಂದ ಅದನ್ನು ನಿರೀಕ್ಷಿಸಬಾರದು.

ತೊಂದರೆ ಇರುವುದು ನೀರಿನಲ್ಲಿ. ಕಾಸರಗೋಡಿನ ಮುರಕಲ್ಲಿನ ಬಾವಿ, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗಗಳ ನೀರು ಆಟಿ ತಿಂಗಳ ಮಳೆಗೆ ಕದಡುತ್ತದೆ, ಕೆಲವೆಡೆ ಕಬ್ಬಿಣವೂ ಇದೆ. ಅದು ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ದೀಪದ ಹೊರಗಿನ ಕ್ವಾರ್ಟ್ಜ್ ಕೊಳವೆಗೆ ಕಂದು ಪೊರೆ ಕಟ್ಟುತ್ತದೆ. ನೀಲಿ ಬೆಳಕು ಕಾಣುತ್ತಲೇ ಇರುತ್ತದೆ, ಕಿರಣ ಮಾತ್ರ ನೀರಿಗೆ ತಲುಪುವುದಿಲ್ಲ. ಆದ್ದರಿಂದ ಮೊದಲು 5 ಮೈಕ್ರಾನ್ ಫಿಲ್ಟರ್, ಕಬ್ಬಿಣವಿದ್ದರೆ ಅದಕ್ಕೆ ಬೇರೆ ಫಿಲ್ಟರ್, ಆಮೇಲೆ ದೀಪ. ಕೊಳವೆಯನ್ನು ಕರೆಂಟು ತೆಗೆದು ಬಿಚ್ಚಿ, ಸಿಟ್ರಿಕ್ ಆಮ್ಲದ ನೀರಿನಲ್ಲಿ ನೆನೆಸಿ, ಮೆತ್ತನೆ ಬಟ್ಟೆಯಲ್ಲಿ ಒರಸಿ, ಬರಿಗೈ ತಾಗಿಸಬೇಡಿ. ವರ್ಷಪೂರ್ತಿ, ಅಂದರೆ ಸುಮಾರು 9000 ಗಂಟೆ ಉರಿದ ದೀಪ ಕಣ್ಣಿಗೆ ಚೆನ್ನಾಗಿ ಕಂಡರೂ ಬದಲಿಸಲೇಬೇಕು. ಮಾರುವವರು ಇದನ್ನು ಹೇಳುವುದು ಅಪರೂಪ.

ನಳ್ಳಿ ಪೂರ್ತಿ ತಿರುಗಿಸಿ ಯಂತ್ರದ ಮಿತಿಯ ಎರಡರಷ್ಟು ನೀರು ಹರಿಸಿದರೆ ಕಿರಣದ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಕರೆಂಟು ಹೋದಾಗ ನೀರು ತಾನೇ ನಿಲ್ಲುವ ಸೊಲೆನಾಯ್ಡ್ ವಾಲ್ವ್ ಇಲ್ಲದಿದ್ದರೆ ಆ ಹೊತ್ತಿನ ನೀರನ್ನು ಕುದಿಸಿಯೇ ಕುಡಿಯಿರಿ. ಯುವಿಯ ಪರಿಣಾಮ ಕ್ಲೋರಿನ್‌ನಂತೆ ನೀರಿನಲ್ಲಿ ಉಳಿಯುವುದಿಲ್ಲ. ಹಾಗಾಗಿ ದೀಪವನ್ನು ಟ್ಯಾಂಕಿಗೆ ಮುಂಚೆ ಅಲ್ಲ, ಅಡುಗೆಮನೆಯ ನಳ್ಳಿಯ ಪಕ್ಕದಲ್ಲೇ ಕೂರಿಸಿ.

– ಇಬ್ಬರು ಓದುಗರು, ಬದಿಯಡ್ಕ