ರಾಜೀನಾಮೆ ಪತ್ರ ಸದ್ಯ ನಿನ್ನ ಬಳಿಯೇ ಇರಲಿ

ಚಿರಂಜೀವಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಮಧ್ಯರಾತ್ರಿ ಕಳೆದ ಮೇಲೆ ನೀನು ಕಳಿಸಿದ ರಾಜೀನಾಮೆಯ ಕರಡನ್ನು ಬೆಳಿಗ್ಗೆ ಓದಿದೆ. ಚೆನ್ನಾಗಿ ಬರೆದಿದ್ದೀಯೆ. ನನಗೆ ಆತಂಕವಾದದ್ದೂ ಅದಕ್ಕೇ. ಮೂರು ಸಾಲಿನಲ್ಲಿ ಮುಗಿಯಬೇಕಾದ ಪತ್ರ ನಿನ್ನ ಕೈಯಲ್ಲಿ ಎರಡು ಪುಟವಾಗಿದೆ; ಅದರಲ್ಲಿ ಒಂದೂವರೆ ಪುಟ ನಿನ್ನ ಮೇಲಧಿಕಾರಿಯ ಗುಣಗಾನ. ಅದನ್ನು ಸದ್ಯಕ್ಕೆ ಯಾರಿಗೂ ಕಳಿಸಬೇಡ.

ಹಾಗೆಂದು, ಸಹಿಸಿಕೊಂಡು ಹೋಗು ಎಂದು ಬುದ್ಧಿ ಹೇಳಲು ನಾನು ಹೊರಟಿಲ್ಲ. ಅದನ್ನು ನಿನ್ನ ಅಮ್ಮ ಹೇಳುತ್ತಾಳೆ, ಆ ಕೆಲಸ ಅವಳಿಗೇ ಇರಲಿ. ನೀನು ಆ ಕಂಪನಿ ಬಿಡುವ ಕಾಲ ಬಂದಿದೆ ಎಂದೇ ನನಗೂ ಅನಿಸುತ್ತದೆ. ವೃತ್ತಿಜೀವನವನ್ನೆಲ್ಲ ಸಿಬ್ಬಂದಿ ವಿಭಾಗದಲ್ಲಿ ಕಳೆದವಳು ನಾನು. ಬಿಟ್ಟು ಹೋದವರನ್ನೂ ಕಂಡಿದ್ದೇನೆ, ಬಿಡಲಾಗದೆ ಕುರ್ಚಿಯಲ್ಲೇ ಒಣಗಿದವರನ್ನೂ ಕಂಡಿದ್ದೇನೆ. ನನ್ನ ತಕರಾರು ಒಂದೇ. ಸಿಟ್ಟು ಇದ್ದ ಕೆಲಸವನ್ನು ಬಿಡಿಸಬಲ್ಲದು, ಹೊಸದನ್ನು ಹುಡುಕಿಕೊಡಲಾರದು. ನೀನು ಈಗ ಎರಡನ್ನೂ ಅದರ ಕೈಗೇ ಕೊಟ್ಟಿದ್ದೀಯೆ.

ನಿನ್ನ ಕರಡನ್ನು ಮತ್ತೊಮ್ಮೆ ತಣ್ಣಗೆ ಓದು. ಅದರಲ್ಲಿ ಮೂರು ದೂರುಗಳು ಒಂದರೊಳಗೊಂದು ಹೆಣೆದುಕೊಂಡಿವೆ. ನಿನಗೆ ಬರಬೇಕಾಗಿದ್ದ ಬಡ್ತಿ ಬೇರೆಯವರಿಗೆ ಹೋಯಿತು. ಹೊಸದಾಗಿ ಬಂದ ಮೇಲಧಿಕಾರಿ ನೀನು ಮಾಡಿದ ಪ್ರತಿಯೊಂದು ಟಿಪ್ಪಣಿಯನ್ನೂ ತಿದ್ದಿಸಿ ತಿದ್ದಿಸಿ ಬರೆಸುತ್ತಾರೆ. ಮೂರನೆಯದನ್ನು ನೀನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀಯೆ: ಈಗ ಮಾಡುವ ಕೆಲಸಕ್ಕೆ ನಿನಗೆ ಗೊತ್ತಿರುವುದರಲ್ಲಿ ಕಾಲು ಭಾಗವೂ ಬೇಕಾಗಿಲ್ಲ. ಇವು ಮೂರೂ ಬೇರೆ ಬೇರೆ ಕಾಯಿಲೆಗಳಪ್ಪ. ಬಡ್ತಿಯೇ ಮುಖ್ಯವಾದರೆ, ಹೆಚ್ಚಿನ ಹುದ್ದೆ ಕೊಡುವ ಯಾವ ಕಂಪನಿಯಾದರೂ ನಡೆಯುತ್ತದೆ. ಒಬ್ಬ ವ್ಯಕ್ತಿಯಿಂದಲೇ ಬೇಸರವಾಗಿದ್ದರೆ, ಅದೇ ಸಂಸ್ಥೆಯ ಇನ್ನೊಂದು ವಿಭಾಗಕ್ಕೆ ವರ್ಗಾವಣೆ ಕೇಳಬಹುದು. ಅವರೇ ವರ್ಷದೊಳಗೆ ಬೇರೆಡೆಗೆ ಹೋಗಿಬಿಡಬಹುದು, ಅಂಥ ಅಧಿಕಾರಿಗಳು ಒಂದೆಡೆ ಬಹುಕಾಲ ನಿಲ್ಲುವುದು ಅಪರೂಪ. ಆದರೆ ಮೂರನೆಯದೇ ನಿಜವಾದ ನೋವಾದರೆ, ಬೇರೊಂದು ಕಂಪನಿಯಲ್ಲಿ ಇದೇ ಹುದ್ದೆಗೆ ಸೇರಿಕೊಂಡು ಏನು ಸಾಧಿಸಿದಂತಾಯಿತು? ಕಟ್ಟಡ ಬದಲಾಗುತ್ತದೆ, ಅಷ್ಟೆ. ನನಗೇನೋ ಆ ಒಂದು ಸಾಲಿನ ಮೇಲೆಯೇ ಅನುಮಾನ.

ಕೆಲವು ವಾರ ಒಂದು ಅಭ್ಯಾಸ ಇಟ್ಟುಕೊಂಡು ನೋಡು. ದಿನದ ಕೊನೆಗೆ ಎರಡು ಸಾಲು ಬರೆದಿಡು: ಯಾವ ಹೊತ್ತು ಮೈ ಉರಿಯಿತು, ಯಾವ ಹೊತ್ತು ಗಡಿಯಾರ ನೋಡದೆ ಕಳೆಯಿತು. ಮೊದಲನೆಯದು ಎಲ್ಲರಿಗೂ ನೆನಪಿರುತ್ತದೆ, ಎರಡನೆಯದನ್ನು ಬರೆದಿಡದಿದ್ದರೆ ಮರೆತೇಹೋಗುತ್ತದೆ. ಪೂರೈಕೆದಾರರ ಜೊತೆ ಕುಳಿತು ಬೆಲೆ ಯಾಕೆ ಏರಿತೆಂದು ಬಿಡಿಸಿ ಬಿಡಿಸಿ ಲೆಕ್ಕ ಹಾಕುವಾಗ ನಿನಗೆ ಹಸಿವೆಯ ಪರಿವೆ ಇರುತ್ತಿರಲಿಲ್ಲ ಎಂದು ಹಿಂದೊಮ್ಮೆ ನೀನೇ ಹೇಳಿದ್ದೆ. ಅಂಥದ್ದು ಈಗಲೂ ನಡೆಯುತ್ತಿದೆಯೇ, ನಿಂತುಹೋಗಿದೆಯೇ? ಹೊಸ ಕೆಲಸಕ್ಕೆ ಏನು ಕೇಳಬೇಕೆಂಬುದು ಅಲ್ಲಿಂದ ಗೊತ್ತಾಗಬೇಕು, ಮೇಲಧಿಕಾರಿಯ ಮುಖದಿಂದಲ್ಲ.

ಇನ್ನು ಹಣದ ವಿಷಯ. ನಿನ್ನ ಹೆಂಡತಿಗೆ ಇನ್ನೂ ಹೇಳಿಲ್ಲ ಎಂದು ಬರೆದಿದ್ದೀಯೆ. ಮೊದಲು ಅವಳಿಗೆ ಹೇಳು. ಮನೆಯ ಖರ್ಚು, ಸಾಲದ ಕಂತು, ಮಗಳ ಶುಲ್ಕ ಎಲ್ಲ ಸೇರಿ ಸಂಬಳವಿಲ್ಲದೆ ಎಷ್ಟು ತಿಂಗಳು ನಡೆದೀತು ಎಂಬುದು ನಿನಗಿಂತ ಅವಳಿಗೆ ಚೆನ್ನಾಗಿ ಗೊತ್ತು. ಕಂಪನಿ ಕೊಟ್ಟಿರುವ ಆರೋಗ್ಯ ವಿಮೆ ಕೆಲಸ ಬಿಟ್ಟ ಮೇಲೂ ಇರುತ್ತದೆಯೇ ಎಂದು ಕೇಳಿ ತಿಳಿದುಕೊ. ಬಿಡುವವರು ಸಾಮಾನ್ಯವಾಗಿ ಮರೆಯುವುದು ಅದನ್ನೇ.

ಕೈಯಲ್ಲಿ ಹೊಸ ನೇಮಕಾತಿ ಪತ್ರ ಇಲ್ಲದೆ ಬಿಡಬೇಡ ಎಂದು ನಾನು ಹೇಳುವುದು ಬರೀ ಹಳೆಯ ಕಾಲದ ಭಯದಿಂದಲ್ಲ. ಕೋರಿ ಕ್ರಾಫ್ಟ್ ಮತ್ತು ಅವರ ಜೊತೆಗಾರ ಅರ್ಥಶಾಸ್ತ್ರಜ್ಞರು ಅಮೆರಿಕದಲ್ಲಿ ಸುಮಾರು 3,000 ಜಾಹೀರಾತುಗಳಿಗೆ ಸುಮಾರು 12,000 ಕಾಲ್ಪನಿಕ ಅರ್ಜಿಗಳನ್ನು ಕಳಿಸಿ ನೋಡಿದ್ದರು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಕೆಲಸವಿಲ್ಲದೆ ಕಳೆದ ಅವಧಿ ಬೆಳೆದಷ್ಟೂ ಸಂದರ್ಶನದ ಕರೆಗಳು ಕಡಿಮೆಯಾದವು, ಆ ಇಳಿಕೆಯ ಬಹುಭಾಗ ಮೊದಲ 8 ತಿಂಗಳಲ್ಲೇ ಆಗಿತ್ತು. ಆಗಷ್ಟೇ ಕೆಲಸ ಬಿಟ್ಟವರ ಅರ್ಜಿಗೆ ಅಂಥ ಹೊಡೆತ ಬಿದ್ದಿರಲಿಲ್ಲ ಎನ್ನುವುದೂ ನಿಜ. ತೊಂದರೆ ಇರುವುದು, ಎರಡು ತಿಂಗಳಲ್ಲಿ ಸಿಗುತ್ತದೆ ಎಂದುಕೊಂಡದ್ದು ಹತ್ತಕ್ಕೆ ಎಳೆದಾಗ. ನಿನ್ನ ಮಟ್ಟದ ಹುದ್ದೆಗಳು ಸಂಖ್ಯೆಯಲ್ಲೇ ಕಡಿಮೆ; ಹುಡುಕಾಟ ಎಳೆಯುತ್ತದೆ. ಒಂದು ಅಪವಾದ ಮಾತ್ರ ಇಟ್ಟುಕೊ. ಸುಳ್ಳು ಲೆಕ್ಕಕ್ಕೆ ಸಹಿ ಹಾಕು ಎಂದರೆ, ಅಥವಾ ನಿದ್ದೆ, ಆರೋಗ್ಯ ಕೆಟ್ಟು ವೈದ್ಯರ ಬಳಿ ಹೋಗುವಂತಾದರೆ, ನನ್ನ ಈ ಮಾತನ್ನು ಪಕ್ಕಕ್ಕಿಟ್ಟು ಅಂದೇ ಹೊರಬಾ.

ಹುಡುಕುವುದು ಹೇಗೆ ಎಂದರೆ, ನೀನು ಹೇಳಿದ ಹಾಗೆ ರಾತ್ರಿಯೆಲ್ಲ ಕುಳಿತು ಕಂಡ ಕಂಡ ಜಾಹೀರಾತಿಗೆಲ್ಲ ಒಂದೇ ಅರ್ಜಿ ಒತ್ತುವುದಲ್ಲ. ಅದರಿಂದ ಕೆಲಸ ಮಾಡಿದೆ ಎಂಬ ತೃಪ್ತಿ ಸಿಗುತ್ತದೆ, ಕೆಲಸ ಸಿಗುವುದಿಲ್ಲ. ಮಾರ್ಕ್ ಗ್ರಾನೊವೆಟ್ಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1973ರಲ್ಲಿ ಒಂದು ಸಂಗತಿ ಬರೆದರು. ಪರಿಚಯದವರ ಮೂಲಕ ಹೊಸ ಕೆಲಸ ಪಡೆದ ವೃತ್ತಿಪರರನ್ನು, ಆ ಪರಿಚಯದವರನ್ನು ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು ಅವರು ಕೇಳಿದ್ದರು. ಮೇಲಿಂದ ಮೇಲೆ ಭೇಟಿಯಾಗುತ್ತಿದ್ದೆವು ಎಂದವರು ಶೇ. 17ಕ್ಕಿಂತ ಕಡಿಮೆ, ಉಳಿದವರಿಗೆಲ್ಲ ಸುದ್ದಿ ತಂದುಕೊಟ್ಟವರು ಆಗೊಮ್ಮೆ ಈಗೊಮ್ಮೆ ಕಾಣುವವರು, ಇಲ್ಲವೇ ವರ್ಷಗಟ್ಟಲೆ ಮುಖ ಕಾಣದವರು. 2022ರಲ್ಲಿ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆದ ಪ್ರಯೋಗಗಳ ವರದಿಯೂ ಹೆಚ್ಚು ಕಡಿಮೆ ಅದನ್ನೇ ಹೇಳಿತು. ಕಾರಣ ಸರಳ. ನಿನ್ನ ಆಪ್ತರಿಗೆ ಗೊತ್ತಿರುವುದೆಲ್ಲ ನಿನಗೂ ಗೊತ್ತಿರುತ್ತದೆ. ಊಟದ ಹೊತ್ತಿನಲ್ಲಿ ನೀವು ನಾಲ್ವರೂ ಒಂದೇ ದೂರನ್ನು ತಿರುಗಿಸಿ ಮುರುಗಿಸಿ ಹೇಳಿಕೊಳ್ಳುತ್ತಿರುತ್ತೀರಿ. ಬೇರೆ ಕಡೆಯ ಸುದ್ದಿ ಬೇರೆ ಕಡೆ ಇರುವವರಿಂದಲೇ ಬರಬೇಕು.

ಆದ್ದರಿಂದ ನಿನ್ನ ಮೊದಲ ಕಂಪನಿಯಲ್ಲಿ ಜೊತೆಗಿದ್ದವರು, ನೀನು ಮಾಲು ತರಿಸುತ್ತಿದ್ದ ಪೂರೈಕೆದಾರರ ಕಡೆಯವರು, ನಿನ್ನ ಕೈಕೆಳಗೆ ಕಲಿತು ಬೇರೆಡೆಗೆ ಹೋದ ಹುಡುಗ ಹುಡುಗಿಯರು, ಇವರ ಪಟ್ಟಿ ಮಾಡು. ಕೊನೆಯ ಗುಂಪಿನವರನ್ನು ಕೇಳಲು ನಿನಗೆ ಸಂಕೋಚ ಎಂದು ಗೊತ್ತು. ಅವರಿಗೆ ನಿನ್ನ ಮೇಲೆ ಎಷ್ಟು ಗೌರವವಿದೆ ಎಂದು ನಿನಗೆ ಗೊತ್ತಿಲ್ಲ, ಕೇಳಿ ನೋಡು. ‘ಎಲ್ಲಾದರೂ ಕೆಲಸ ಇದ್ದರೆ ಹೇಳಿ’ ಎಂದು ಮಾತ್ರ ಬರೆಯಬೇಡ. ಅದಕ್ಕೆ ಎಲ್ಲರೂ ‘ಖಂಡಿತ’ ಎಂದು ಉತ್ತರಿಸಿ ಮರೆಯುತ್ತಾರೆ, ತಪ್ಪು ಅವರದ್ದಲ್ಲ. ‘ನೀವಿರುವ ಕಡೆ ಖರೀದಿ ವಿಭಾಗ ಹೇಗೆ ನಡೆಯುತ್ತದೆ ಎಂದು ತಿಳಿದುಕೊಳ್ಳಬೇಕಿತ್ತು, ಇಪ್ಪತ್ತು ನಿಮಿಷ ಮಾತಾಡಬಹುದೇ’ ಎಂದು ಕೇಳು. ತನ್ನ ಕೆಲಸದ ಬಗ್ಗೆ ಮಾತಾಡು ಎಂದರೆ ಬೇಡ ಎನ್ನುವವರು ಕಡಿಮೆ. ಮಾತು ಮುಗಿಯುವಾಗ ‘ಇನ್ನು ಯಾರನ್ನು ಕೇಳಿದರೆ ಒಳ್ಳೆಯದು’ ಎಂಬ ಒಂದು ಪ್ರಶ್ನೆ ಇಡು. ಆ ಎರಡನೆಯ ಹೆಸರೇ ಎಷ್ಟೋ ಸಲ ಬಾಗಿಲು ತೆರೆಯುವುದು. ಇದೆಲ್ಲ ಕಚೇರಿಯ ಕಂಪ್ಯೂಟರಿನಿಂದ ಬೇಡ, ಕಚೇರಿಯ ಇಮೇಲ್‌ನಿಂದಂತೂ ಬೇಡವೇ ಬೇಡ.

ನಿನ್ನ ಬಯೋಡೇಟಾ ನೋಡಿದೆ. ನಾಲ್ಕು ಪುಟ. ಕೆಲಸಕ್ಕೆ ಸೇರಿದ ಮೊದಲ ವರ್ಷದ ತರಬೇತಿಗೆ ಕೊಟ್ಟಷ್ಟೇ ಜಾಗವನ್ನು ಕಳೆದ ವರ್ಷದ ಕೆಲಸಕ್ಕೂ ಕೊಟ್ಟಿದ್ದೀಯೆ. ಮೊದಲ ಹತ್ತು ವರ್ಷ ನಾಲ್ಕು ಸಾಲಾಗಲಿ, ಒಟ್ಟು ಎರಡು ಪುಟ ಸಾಕು. ಅದಕ್ಕಿಂತ ದೊಡ್ಡ ತೊಂದರೆ ಸಾಲುಗಳ ಒಳಗಿದೆ. ‘ಖರೀದಿ ವಿಭಾಗದ ಎಲ್ಲ ಚಟುವಟಿಕೆಗಳ ಜವಾಬ್ದಾರಿ ಹೊತ್ತಿದ್ದೇನೆ’ ಎಂದು ಬರೆದಿದ್ದೀಯೆ. ಖರೀದಿ ವಿಭಾಗದವರೆಲ್ಲ ಹೊತ್ತಿರುವುದು ಅದನ್ನೇ. ಒಂದೇ ಪೂರೈಕೆದಾರನನ್ನು ನೆಚ್ಚಿಕೊಂಡಿದ್ದ ಬಿಡಿಭಾಗಗಳಿಗೆ ಎರಡನೆಯವನನ್ನು ಗೊತ್ತುಮಾಡಿದವನು ನೀನು. ಮಾಲು ಬಾರದೆ ಉತ್ಪಾದನೆ ನಿಲ್ಲುವುದು ಆಮೇಲೆ ತಪ್ಪಿತು. ನನಗೆ ಫೋನಿನಲ್ಲಿ ಅದನ್ನು ಹೇಳಿದ್ದೆ, ಬಯೋಡೇಟಾದಲ್ಲಿ ಎಲ್ಲಿದೆ? ಹಿಂದೆ ಎಷ್ಟು ದಿನ ನಿಲ್ಲುತ್ತಿತ್ತು, ಆಮೇಲೆ ಎಷ್ಟು, ಅದಕ್ಕೆ ನೀನು ಮಾಡಿದ್ದೇನು, ಇವಿಷ್ಟೂ ಒಂದು ಸಾಲಿನಲ್ಲಿ ಬರಲಿ. ಕಂಪನಿಯ ಗುಟ್ಟಿನ ಅಂಕಿಗಳನ್ನು ಮಾತ್ರ ಹಾಕಬೇಡ. ಹಳೆಯವರ ಗುಟ್ಟು ಹೊರಹಾಕಿದವನು ನಾಳೆ ನಮ್ಮದನ್ನೂ ಹಾಕುತ್ತಾನೆ ಎಂದೇ ಓದುವವರು ಅಂದುಕೊಳ್ಳುತ್ತಾರೆ.

ನಲವತ್ತು ದಾಟಿದವರನ್ನು ಯಾರು ತೆಗೆದುಕೊಳ್ಳುತ್ತಾರೆ ಎಂದು ಕೇಳಿದ್ದೀಯೆ. ವಯಸ್ಸಿನ ಪೂರ್ವಗ್ರಹ ಇಲ್ಲ ಎಂದು ಸುಳ್ಳು ಸಮಾಧಾನ ಹೇಳಲಾರೆ, ಇದೆ. ‘ಈ ಹುದ್ದೆಗೆ ನಿಮ್ಮ ಅನುಭವ ಹೆಚ್ಚಾಯಿತು’ ಎಂದು ಅವರು ನಯವಾಗಿ ಹೇಳಿದಾಗ ಒಳಗಿರುವ ಅನುಮಾನಗಳು ಇವು: ತನಗಿಂತ ಚಿಕ್ಕವರು ಹೇಳಿದ್ದನ್ನು ಈತ ಕೇಳುತ್ತಾನೆಯೇ, ಕೇಳುವ ಸಂಬಳ ನಮಗೆ ನಿಲುಕೀತೇ, ಇನ್ನೂ ದೊಡ್ಡದು ಸಿಕ್ಕ ಕೂಡಲೇ ಎದ್ದು ಹೋಗುತ್ತಾನೆಯೇ. ಅವರು ಬಾಯಿಬಿಟ್ಟು ಕೇಳುವುದಿಲ್ಲ. ನೀನೇ ಮಾತಿನ ನಡುವೆ ಉತ್ತರ ಕೊಡು. ಚಿಕ್ಕ ವಯಸ್ಸಿನ ಯೋಜನಾ ಮುಖ್ಯಸ್ಥೆಯ ಕೆಳಗೆ ಒಂದು ವರ್ಷ ಸಂತೋಷವಾಗಿ ಕೆಲಸ ಮಾಡಿದ್ದೀಯಲ್ಲ, ಅದನ್ನು ಹೇಳು.

ಸಂದರ್ಶನದಲ್ಲಿ ಈಗಿನ ಕೆಲಸ ಯಾಕೆ ಬಿಡುತ್ತಿದ್ದೀರಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ನನ್ನ ಎದುರು ಕುಳಿತಿದ್ದ ಒಬ್ಬ ಅಭ್ಯರ್ಥಿ ಈಗಲೂ ಕಣ್ಣಿಗೆ ಕಟ್ಟಿದಂತಿದ್ದಾರೆ. ಕಾಗದದ ಮೇಲೆ ಬಂದವರಲ್ಲೆಲ್ಲ ಅವರೇ ಮೇಲು. ಈ ಪ್ರಶ್ನೆಗೆ ಶುರು ಮಾಡಿದವರು ತಮ್ಮ ಹಳೆಯ ಅಧಿಕಾರಿ ಯಾವ ಸಭೆಯಲ್ಲಿ ಏನಂದರು, ಯಾರ ಮುಂದೆ ಅಂದರು, ಆಗ ಯಾರು ನಕ್ಕರು ಎಂಬಲ್ಲಿಗೆ ಹೋಗಿ ಮುಟ್ಟಿದರು. ಹೇಳುತ್ತಿದ್ದುದೆಲ್ಲ ನಿಜವೇ ಇರಬೇಕು, ಧ್ವನಿ ನಡುಗುತ್ತಿತ್ತು. ನಮ್ಮ ಸಮಿತಿಯಲ್ಲಿ ಒಬ್ಬೊಬ್ಬರಾಗಿ ಪೆನ್ನು ಕೆಳಗಿಟ್ಟರು. ಕಿರಿಯ ಸದಸ್ಯನೊಬ್ಬ ನೀರಿನ ಲೋಟವನ್ನು ಮೆಲ್ಲಗೆ ಅವರ ಮುಂದೆ ಸರಿಸಿದ. ಆಮೇಲೆ ನಾವು ಕೇಳಿದ ಪ್ರಶ್ನೆಗಳೆಲ್ಲ ಮರ್ಯಾದೆಗೆ ಕೇಳಿದವು. ಈ ಪ್ರಶ್ನೆಗೆ ನಿನ್ನ ಉತ್ತರ ಎರಡು ವಾಕ್ಯ ಮೀರಬಾರದು: ‘ಈಗಿನ ಹುದ್ದೆಯಲ್ಲಿ ಮಾಡಬಹುದಾದದ್ದನ್ನು ಬಹುಮಟ್ಟಿಗೆ ಮಾಡಿದ್ದೇನೆ. ಪೂರೈಕೆದಾರರನ್ನು ಆರಿಸಿ ಬೆಳೆಸುವ ಕೆಲಸ ನನಗೆ ಚೆನ್ನಾಗಿ ಬರುತ್ತದೆ, ನಿಮ್ಮಲ್ಲಿ ಅದಕ್ಕೆ ಅವಕಾಶವಿದೆ ಎಂದು ಬಂದಿದ್ದೇನೆ.’ ಇದರಲ್ಲಿ ಸುಳ್ಳಿಲ್ಲ. ಕನ್ನಡಿಯ ಮುಂದೆ ನಿಂತು ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊ. ಸಿಟ್ಟು ಇನ್ನೂ ಇದ್ದರೆ ಅದು ಎರಡನೆಯ ವಾಕ್ಯಕ್ಕೆ ಮೊದಲೇ ಹೊರಬರುತ್ತದೆ.

ನೀನೂ ಕೇಳಬೇಕು. ಈ ಹುದ್ದೆಯಲ್ಲಿ ಇದ್ದವರು ಎಲ್ಲಿಗೆ ಹೋದರು? ಮೊದಲ ವರ್ಷದ ಕೊನೆಗೆ ಏನಾಗಿದ್ದರೆ ನನ್ನ ಕೆಲಸ ಚೆನ್ನಾಗಿದೆ ಎನ್ನುತ್ತೀರಿ? ಎರಡನೆಯದಕ್ಕೆ ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿದರೆ, ಅಲ್ಲಿ ಆ ಹುದ್ದೆಯ ಬಗ್ಗೆ ಅವರಲ್ಲೇ ಒಮ್ಮತವಿಲ್ಲ ಎಂದು ತಿಳಿ. ನಿನ್ನ ನೇರ ಮೇಲಧಿಕಾರಿ ಆಗುವವರ ಜೊತೆ ಮಾತಾಡದೆ ಎಲ್ಲಿಯೂ ಒಪ್ಪಬೇಡ. ಈಗ ನೀನು ಅನುಭವಿಸುತ್ತಿರುವುದೂ ಮೇಲಧಿಕಾರಿಯ ಕಾಟವನ್ನೇ ಅಲ್ಲವೇ?

ನೇಮಕಾತಿ ಪತ್ರ ಕೈಗೆ ಬಂದ ಮೇಲೆ ಅದರ ಷರತ್ತುಗಳನ್ನು ಓದು. ಹಿನ್ನೆಲೆ ಪರಿಶೀಲನೆ, ವೈದ್ಯಕೀಯ ಪರೀಕ್ಷೆ ಏನಿದ್ದರೂ ಮುಗಿದು, ಸೇರುವ ದಿನ ಬರಹದಲ್ಲಿ ಗೊತ್ತಾದ ಮೇಲೆ ಇಲ್ಲಿ ರಾಜೀನಾಮೆ. ಆಗ ನಿನ್ನವರು ಮೂಗಿಗೆ ತುಪ್ಪ ಸವರಲು ಬರುತ್ತಾರೆ. ಸಂಬಳ ಏರಿಸುತ್ತೇವೆ, ಮುಂದಿನ ಸಲ ಬಡ್ತಿ ನಿಮ್ಮದೇ ಎನ್ನುತ್ತಾರೆ. ಹೆಚ್ಚಿನ ಸಂಬಳವೊಂದೇ ನಿನಗೆ ಬೇಕಾಗಿದ್ದರೆ ಕೇಳಿಸಿಕೊ, ನಾಚಿಕೆಪಡಬೇಕಾದ್ದೇನೂ ಇಲ್ಲ. ನೀನು ಬರೆದಿಟ್ಟ ಆ ಎರಡು ಸಾಲುಗಳಲ್ಲಿ ಬೇರೆ ಏನಾದರೂ ಇದ್ದರೆ, ನಮಸ್ಕಾರ ಹೇಳಿ ಎದ್ದು ಬಾ. ನೋಟಿಸ್ ಅವಧಿಯಲ್ಲಿ ಯಾವ ಪೂರೈಕೆದಾರನ ಜೊತೆ ಏನು ಮಾತಾಗಿದೆ, ಯಾವ ಒಪ್ಪಂದ ಯಾವಾಗ ಮುಗಿಯುತ್ತದೆ ಎಂಬುದನ್ನೆಲ್ಲ ಮುಂದೆ ಬರುವವರಿಗೆ ಬರೆದಿಡು. ಆ ಅಧಿಕಾರಿಗಾಗಿ ಅಲ್ಲ. ನಿನ್ನ ಬಗ್ಗೆ ನಾಳೆ ಯಾರಾದರೂ ವಿಚಾರಿಸುವುದು ಪಕ್ಕದ ಮೇಜಿನವರನ್ನು.

ಹೊಸ ಕಡೆ ಮೊದಲ ತಿಂಗಳುಗಳು ಚೆನ್ನಾಗಿಯೇ ಇರುತ್ತವೆ, ಆಮೇಲೆ ಇಳಿಯುತ್ತದೆ. ಕೆಲಸ ಬದಲಿಸಿದ ಮ್ಯಾನೇಜರುಗಳನ್ನು ಗಮನಿಸಿದ ವೆಂಡಿ ಬಾಸ್ವೆಲ್ ಮತ್ತು ಜೊತೆಗಾರರು 2005ರಲ್ಲಿ ಈ ಏರಿಳಿತವನ್ನು ದಾಖಲಿಸಿದ್ದಾರೆ. ದೂರದ ಬೆಟ್ಟ ನುಣ್ಣಗೆ ಎಂದು ನಮ್ಮವರು ಅದಕ್ಕೂ ಮೊದಲೇ ಹೇಳಿದ್ದರೆನ್ನು. ಆ ಇಳಿತ ಬಂದಾಗ, ತಪ್ಪು ಕಡೆ ಬಂದೆ ಎಂದು ಮತ್ತೆ ನಡುರಾತ್ರಿ ಕರಡು ಬರೆಯಲು ಕೂರಬೇಡ. ಒಂದು ವರ್ಷ ಕೊಟ್ಟು ನೋಡು.

ಬಯೋಡೇಟಾವನ್ನು ತಿದ್ದಿ ಈ ಭಾನುವಾರದೊಳಗೆ ಕಳಿಸು, ಕೆಂಪು ಪೆನ್ನು ಹಿಡಿದು ಕುಳಿತಿರುತ್ತೇನೆ. ಮೊದಲ ಪುಟದ ನೆತ್ತಿಯ ಮೇಲೆ ‘ಕಠಿಣ ಪರಿಶ್ರಮಿ, ಕ್ರಿಯಾಶೀಲ, ತಂಡದೊಂದಿಗೆ ಬೆರೆಯುವವನು’ ಎಂದಿದೆಯಲ್ಲ, ಅದನ್ನು ನೀನೇ ಹೊಡೆದುಹಾಕಿರು. ನನ್ನಿಂದ ಹೊಡೆಸಿಕೊಳ್ಳಬೇಡ.

ಇಂತಿ,
ನಿನ್ನ ದೊಡ್ಡಮ್ಮ