ಅಕ್ಕನಿಗೆ, ಓರೆಗಾನೊ ಸೊಪ್ಪಿನ ಅಡುಗೆ
ಥೆಸಲೋನಿಕಿ, ಗ್ರೀಸ್

ಅಕ್ಕಾ, ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ.

ಕುಂಡದಲ್ಲಿ ಓರೆಗಾನೊ ಹುಲುಸಾಗಿ ಬಂದಿದೆ, ಪಿಜ್ಜಾ ಬಿಟ್ಟು ಇನ್ನೇನು ಮಾಡಲಿ ಅಂತ ಕೇಳಿದ್ದೆಯಲ್ಲ. ಕಾಳು, ಆಲೂಗಡ್ಡೆ, ಟೊಮೆಟೊ ಇರುವ ಹೊಟ್ಟೆ ತುಂಬುವ ಅಡುಗೆಗೇ ಅದು ಚೆನ್ನ. ಮೂಸಿದರೆ ದೊಡ್ಡಪತ್ರೆಯ ಘಾಟು ಬರುತ್ತದೆ, ಎರಡರಲ್ಲೂ ಕಾರ್ವಕ್ರಾಲ್ ಅನ್ನುವ ಘಾಟಿನ ಅಂಶ ಇರುವುದೇ ಕಾರಣ. ಹತ್ತಿರದ ನೆಂಟ ಮಾತ್ರ ನಮ್ಮ ಹೂವಿನಂಗಡಿಯ ಮರುಗ. ಇಲ್ಲಿಯವರು ಹೆಚ್ಚಾಗಿ ಒಣಗಿಸಿದ್ದನ್ನೇ ಬಳಸುತ್ತಾರೆ. ಒಣಗಿದ್ದು ಒಂದು ಚಮಚ ಅಂದ ಕಡೆ ಹೆಚ್ಚಿದ ಹಸಿ ಎಲೆ ಮೂರು ಚಮಚ ಹಾಕು. ಅದಕ್ಕಿಂತ ಜಾಸ್ತಿಯಾದರೆ ಕಹಿ, ನಾಲಿಗೆಯೂ ಚುರುಗುಟ್ಟುತ್ತದೆ.

ಮೊದಲು ಯೀಗಂದೆಸ್ ಪ್ಲಾಕಿ ಮಾಡು, ಅಂದರೆ ಟೊಮೆಟೊ ಗೊಜ್ಜಿನಲ್ಲಿ ಬೇಯಿಸುವ ದಪ್ಪ ಕಾಳಿನ ಇಲ್ಲಿಯ ಅಡುಗೆ. ಇಲ್ಲಿ ಪ್ರೆಸ್ಪಾ ಸರೋವರದ ಕಡೆಯ ದಪ್ಪ ಬಿಳಿ ಕಾಳು ಹಾಕುತ್ತಾರೆ; ನಿನಗೆ ಒಣ ಡಬಲ್ ಬೀನ್ಸ್ ಆದೀತು. ಕಾಲು ಕೆಜಿ ರಾತ್ರಿಯೇ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಿಸು. ಕುಕ್ಕರಿನಲ್ಲಾದರೆ ಎರಡು ಕೂಗಿಗೆ ತೆಗೆದು ನೋಡು: ಬೆರಳಲ್ಲಿ ಒತ್ತಿದರೆ ಒಳಗೂ ಮೆತ್ತಗಿರಬೇಕು, ಕಾಳು ಒಡೆದಿರಬಾರದು. ಇಷ್ಟಾಗುವವರೆಗೆ ಟೊಮೆಟೊ ಸೋಕಿಸಲೇಬೇಡ. ಹುಳಿ ಬಿತ್ತೆಂದರೆ ಸಿಪ್ಪೆ ಬಿಗಿದು, ಆಮೇಲೆ ಎಷ್ಟು ಕುದಿಸಿದರೂ ಕಾಳು ಗಟ್ಟಿಯಾಗೇ ಉಳಿಯುತ್ತದೆ.

ದಪ್ಪ ತಳದ ಪಾತ್ರೆಯಲ್ಲಿ ಆರು ದೊಡ್ಡ ಚಮಚ ಆಲಿವ್ ಎಣ್ಣೆ. ಕೈ ಹಿಡಿಯಬೇಡ, ಈ ಅಡುಗೆಯ ಗೊಜ್ಜು ಮೈದುಂಬುವುದೇ ಎಣ್ಣೆಯಿಂದ. ಸಣ್ಣಗೆ ಹೆಚ್ಚಿದ ಎರಡು ಈರುಳ್ಳಿ, ಒಂದು ಕ್ಯಾರೆಟ್ ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಾಡಿಸು, ಕೆಂಪಾಗುವುದು ಬೇಡ. ನಾಲ್ಕು ಎಸಳು ಬೆಳ್ಳುಳ್ಳಿ, ರುಬ್ಬಿದ ನಾಲ್ಕು ಹಣ್ಣು ಟೊಮೆಟೊ, ಉಪ್ಪು, ಜೊತೆಗೆ ಓರೆಗಾನೊದ ಎರಡು ಕಡ್ಡಿ ಎಲೆ ಸಮೇತ ಹಾಕಿ ಇನ್ನೂ ಹತ್ತು ನಿಮಿಷ ಕುದಿಸು. ಕಾಳು ಸುರಿದು, ಅದು ಬೆಂದ ನೀರನ್ನೇ ಮುಳುಗುವಷ್ಟು ಹಾಕು. ಓವನ್ನಿನಲ್ಲಿ 180 ಡಿಗ್ರಿಗೆ, ಮುಚ್ಚದೆ, ಮುಕ್ಕಾಲು ಗಂಟೆ. ಮೇಲಿನ ಕಾಳು ಅಲ್ಲಲ್ಲಿ ಕೆಂಪಾಗಿ ಎಣ್ಣೆ ತೇಲಬೇಕು. ಓವನ್ ಇಲ್ಲದಿದ್ದರೆ ಮುಚ್ಚಳ ಓರೆ ಮಾಡಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಸೌಟು ಆಡಿಸಿದರೆ ಕಾಳು ಮುದ್ದೆಯಾಗುತ್ತದೆ, ಪಾತ್ರೆಯನ್ನೇ ಹಿಡಿದು ಕುಲುಕು. ಇಳಿಸಿದ ಮೇಲೆ ಕಡ್ಡಿ ತೆಗೆದು, ಆಗಷ್ಟೇ ಹೆಚ್ಚಿದ ಎಲೆ ಎರಡು ದೊಡ್ಡ ಚಮಚ ಬೆರೆಸಿ ಕಾಲು ಗಂಟೆ ಮುಚ್ಚಿಡು. ಜೋಳದ ರೊಟ್ಟಿಗೆ ಚೆನ್ನಾಗಿ ಹೊಂದುತ್ತದೆ.

ಆಲೂಗಡ್ಡೆಯದು ಸುಲಭ. ಒಂದು ಕೆಜಿಯನ್ನು ಉದ್ದಕ್ಕೆ ದಪ್ಪ ಹೋಳು ಮಾಡಿ, ಅರ್ಧ ಲೋಟ ಎಣ್ಣೆ, ಒಂದು ಲೋಟ ನೀರು, ಎರಡು ನಿಂಬೆಯ ರಸ, ಬೆಳ್ಳುಳ್ಳಿ, ಉಪ್ಪು ಸೇರಿಸಿ 200 ಡಿಗ್ರಿಗೆ ಒಂದು ಗಂಟೆ ಬೇಯಿಸು. ಎಲೆ ಕೊನೆಯ ಹತ್ತು ನಿಮಿಷಕ್ಕೆ ಮಾತ್ರ, ಮೊದಲೇ ಹಾಕಿದರೆ ಸೀದು ಕಪ್ಪಾಗುತ್ತದೆ.

ಎಲೆ ಬಿಡಿಸುವಾಗ ತುದಿ ಹಿಡಿದು ಬುಡದ ಕಡೆಗೆ ಎಳೆ, ಒಟ್ಟಿಗೇ ಉದುರುತ್ತವೆ. ಮಳೆಗಾಲದಲ್ಲಿ ಕುಂಡವನ್ನು ಸೂರಿನಡಿಗೆ ಸರಿಸು; ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ.

ಭಾವನವರಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ